ಗಂಗಕ್ಕನ ಪಾಲಿನ ಕಡ್ಡಿ

ಆ ಹುಡುಗಿಯ ಉಗುರಿಗೆ ತಿಳಿನೀಲಿ ಬಣ್ಣ, ತೋರುಬೆರಳಿನದ್ದು ಮಾತ್ರ ಅರ್ಧ ಕಿತ್ತುಹೋಗಿದೆ, ಅದೇ ಬೆರಳು ಟ್ಯಾಬಿನ ಗಾಜಿನ ಮೇಲೆ ಜಾರುತ್ತದೆ, ನಿಲ್ಲುತ್ತದೆ, ಒತ್ತುತ್ತದೆ — ಒತ್ತಿದಾಗೆಲ್ಲ ಭಾವನ ಬಾಯಿಂದ ಬಂದ ಮಾತೊಂದು ಒಳಗೆ ಹೋಗಿ ಕೂರುತ್ತದೆ, ಇನ್ನು ಅದನ್ನು ಯಾರೂ ಅಳಿಸುವ ಹಾಗಿಲ್ಲ. ಅಡಿಗೆಮನೆಯ ಹೊಸ್ತಿಲ ಹತ್ತಿರ ಈಳಿಗೆಮಣೆ ಹಾಕಿಕೊಂಡು ಹೊಳೆಯ ಬೆಳಚಿನ ಚಿಪ್ಪು ಒಡೆಯುತ್ತಿದ್ದ ಗೋದಾವರಿಗೆ ಜಗುಲಿ ಪೂರ್ತಿ ಕಾಣುತ್ತಿತ್ತು. ಧಾರವಾಡದಿಂದ ಬಂದವಳಂತೆ, ಮನಃಶಾಸ್ತ್ರ ಓದಿದವಳಂತೆ, ಹೆಣ್ಣುಮಕ್ಕಳಿಗೆ ಗರ್ಭಕೋಶದ ಕೊರಳಿನ ಕ್ಯಾನ್ಸರ್ ಬಾರದ ಹಾಗೆ ಹಾಕುವ ಲಸಿಕೆಯನ್ನು ಜನ ಯಾಕೆ ಬೇಡ ಅನ್ನುತ್ತಾರೆ ಎನ್ನುವುದೇ ಅವಳ ಸಂಶೋಧನೆ, ಬೇಡ ಎಂದವರ ಮನೆಗಳನ್ನೇ ಹುಡುಕಿಕೊಂಡು ಕದ್ವಾಡಕ್ಕೆ ಬಂದಿದ್ದಾಳೆ, ಬೇಡ ಎಂದ ಮೊದಲ ಮನೆ ಇದೇ. ಐದು ಆಯ್ಕೆ ಓದ್ತೇನೆ ಸರ್, ನಿಮಗೆ ಸರಿ ಕಂಡದ್ದು ಹೇಳಿ, ಈ ಲಸಿಕೆಯ ಮೇಲೆ ನನಗೆ ನಂಬಿಕೆಯಿದೆ — ಪೂರ್ತಿ ಒಪ್ಪುತ್ತೇನೆ, ಸ್ವಲ್ಪ ಒಪ್ಪುತ್ತೇನೆ — ಭಾವ, ಗಂಡನ ಅಣ್ಣ, ಅಷ್ಟು ಹೊತ್ತು ಕಾಯಲಿಲ್ಲ, ಕೊನೇದು ಯಾವ್ದಿದ್ರೂ ಅದೇ ನಂದು, ಬರ್ಕೊ ತಂಗಿ ಎಂದ. ಬೆರಳು ಒತ್ತಿತು. ಎಷ್ಟು ಸಸಾರ, ಒಂದು ಮನೆಯ ಉರಿಯೆಲ್ಲ ಐದರಲ್ಲಿ ಒಂದಾಗಿ ಮುಗಿದುಹೋಯಿತು. ಕಿಟಕಿಯ ದಂಡೆಯ ಮೇಲೆ ಭಾವನ ಮಗಳು ರಕ್ಷಿತಾಳ ಶಾಲೆಯ ಫಾರ್ಮು, ಹಾರದಿರಲೆಂದು ತಂಬಿಗೆ ಹೇರಿಟ್ಟದ್ದು, ಗಾಳಿಗೆ ಅದರ ಕೆಳತುದಿ ಮಾತ್ರ ಏಳುತ್ತದೆ, ಎದ್ದಾಗೆಲ್ಲ ತಂದೆ ಅಥವಾ ತಾಯಿಯ ಸಹಿ ಎಂಬ ಅಕ್ಷರ, ಅದರ ಮುಂದೆ ಖಾಲಿ ಗೆರೆ. ಹನ್ನೊಂದು ಗಂಟೆಯೊಳಗೆ ಅದು ಶಾಲೆಗೆ ಮುಟ್ಟಬೇಕು, ಲಸಿಕೆ ಹಾಕುವವರು ಬರುವುದು ಇವತ್ತೊಂದೇ ದಿನ.

ಬಂತು ನೋಡು, ಹಾಳಾದ್ದು ಬಂತು, ಭಾವ ಎದ್ದು ಒಳಗೆ ಹೋಗಿ ಆ ರಿಪೋರ್ಟು ತಂದೇಬಿಟ್ಟ — ಅಂಕೋಲೆಯ ಝೆರಾಕ್ಸ್ ಅಂಗಡಿಯಲ್ಲಿ ಲ್ಯಾಮಿನೇಟು ಮಾಡಿಸಿದ್ದು, ಕಾರವಾರದ ಬಸ್‌ಸ್ಟ್ಯಾಂಡಿನ ಹೋಟೆಲಿನಲ್ಲಿ ತೋರಿಸಿದ್ದು, ಪಂಚಾಯ್ತಿಯ ಮೇಜಿನ ಮೇಲೆ ಬಡಿದದ್ದು, ಮಾಜಾಳಿಯ ಮದುವೆಮನೆಯಲ್ಲಿ ಊಟದ ಪಂಕ್ತಿಯಲ್ಲಿ ಕೈಯಿಂದ ಕೈಗೆ ದಾಟಿಸಿದ್ದು. ನನ್ನ ಹೆಂಡ್ತಿ ಇದೇ ಕ್ಯಾನ್ಸರಿನ ಟೆಸ್ಟು ಮಾಡ್ಸಿದ್ಲು ತಂಗಿ, ಹೋದ ವರ್ಷ ಶ್ರಾವಣದಲ್ಲಿ, ಸೋಂಕು ಇಲ್ಲ ಅಂತ ಇವ್ರೇ ಬರ್ದು ಕೊಟ್ರು, ನೀನೇ ಓದು, ಎಂಟು ತಿಂಗ್ಳಿಗೆ ಗೋವೆಯ ಡಾಕ್ಟ್ರು ಗರ್ಭಕೋಶದ ಕೊರಳಲ್ಲಿ ಗಡ್ಡೆ ಅದೆ, ಮೂರ್ನೇ ಹಂತ ಅಂದ್ರು, ಇಂಥವ್ರ ಸೂಜಿಗೆ ನನ್ನ ಮಗಳ ಕೈ ಕೊಡೂದಾ ನಾನು. ಹುಡುಗಿ ತಲೆಯಾಡಿಸಿದಳು, ಪಾಪ, ಕಣ್ಣಲ್ಲಿ ನೀರೂ ತಂದುಕೊಂಡಳು, ಹಿಂದಿನ ಕೆಟ್ಟ ಅನುಭವ ಎಂದು ಗುನುಗಿ ಒತ್ತಿದಳು. ಭಾವ ದಡ್ಡನಲ್ಲ, ಗೋದಾವರಿಗೆ ಮೈ ಉರಿಯುವುದು ಅದಕ್ಕೇ, ದಡ್ಡನಾಗಿದ್ದರೆ ಬೈದು ಸುಮ್ಮನಾಗಬಹುದಿತ್ತು, ಆ ಕಾಗದ ಕೈಯಲ್ಲಿದ್ದರೆ ಯಾರಾದರೂ ಹೀಗೇ ಹೇಳುತ್ತಿದ್ದರು, ಹೇಳಿಯೂ ಇದ್ದಾರೆ, ಈ ರಿಪೋರ್ಟು ನೋಡಿದ ಹನ್ನೊಂದು ಮನೆಯವರು ತಮ್ಮ ಹುಡುಗಿಯರ ಫಾರ್ಮು ಹರಿದು ಒಲೆಗೆ ಹಾಕಿದ್ದಾರೆ. ಅದರ ಮೇಲೆ ಗಂಗೂ ದೇವಾನಂದ ಎಂದು ದಪ್ಪಕ್ಷರದಲ್ಲಿ ಹೆಸರಿದೆ, ಹೆಸರು ಓರಗಿತ್ತಿ ಗಂಗಕ್ಕನದು, ಪರೀಕ್ಷೆಯಾದ ಮೈ ಗೋದಾವರಿಯದು.

ಹೋದ ಶ್ರಾವಣದ ಆ ತಪಾಸಣೆಗೆ ಸಂಘದ ಹದಿನಾರು ಹೆಂಗಸರೂ ಮಾದರಿ ಕೊಡಬೇಕು, ಒಬ್ಬಳೂ ತಪ್ಪಬಾರದು, ನಮ್ಮ ಸಂಘದ ಮರ್ಯಾದೆ ಪ್ರಶ್ನೆ ಎಂದು ಅಧ್ಯಕ್ಷೆ ಬಾಯಿ ಹೋಗುವಷ್ಟು ಕೂಗಿದ್ದಳು. ನರ್ಸಮ್ಮ ಒಬ್ಬೊಬ್ಬರ ಕೈಗೂ ಒಂದು ಕಡ್ಡಿ, ಹೆಸರಂಟಿಸಿದ ಒಂದು ಸಣ್ಣ ನಳಿಕೆ ಕೊಟ್ಟು, ಡಾಕ್ಟ್ರು ಬೇಡ, ನೋಡುವವರು ಬೇಡ, ನೀವೇ ಬಚ್ಚಲಿಗೆ ಹೋಗಿ ಒಳಗೆ ಇಟ್ಟು ಐದು ಸುತ್ತು ತಿರುಗಿಸಿ ತನ್ನಿ ಎಂದಿದ್ದರು — ಶಾಲೆಯ ಬಚ್ಚಲು, ಬಾಗಿಲಿಗೆ ಚಿಲಕವಿಲ್ಲ, ಫಿನಾಯಿಲ್ ವಾಸನೆ, ಸಾಲಿನಲ್ಲಿ ಮುಂದೆ ಗೋದಾವರಿ, ಹಿಂದೆ ಸೆರಗು ಬಿಗಿಹಿಡಿದ ಗಂಗಕ್ಕ. ನಂಗೆ ಆಗೂದಿಲ್ಲ ಗೋದಾ, ಕೈ ನಡುಗ್ತದೆ, ನಿಂಗಾದ್ರೆ ಹೆದ್ರಿಕೆಯಿಲ್ಲ, ನಂದೂ ನೀನೇ ಮಾಡ್ಕಂಡು ಬಾ. ಗೋದಾವರಿ ಆಗ ಏನು ಯೋಚಿಸಿದಳು — ಏನೂ ಇಲ್ಲ, ಅದೇ ನಾಚಿಕೆಗೇಡು, ಏನೂ ಯೋಚಿಸಲಿಲ್ಲ. ಸಂಘದ ಪುಸ್ತಕದಲ್ಲಿ ಗಂಗಕ್ಕನ ಸಹಿ ಹಾಕುವುದು ಅವಳೇ, ಗ್ರಾಮಸಭೆಯಲ್ಲಿ ಗಂಗಕ್ಕನ ಹೆಸರು ಕೂಗಿದರೆ ಹಾಜರಿ ಎನ್ನುವುದು ಅವಳೇ, ಮುಟ್ಟಾದ ದಿನ ಒಬ್ಬಳ ಹರಕೆಯ ದೀಪ ಇನ್ನೊಬ್ಬಳು ಹಚ್ಚುವುದು, ಅಣ್ಣ ತಮ್ಮಂದಿರ ಹೆಂಡಿರು ಹದಿನಾಲ್ಕು ವರ್ಷ ಒಂದೇ ಒಲೆಯಲ್ಲಿ ಉಂಡವರು, ಅವಳ ಕೆಲಸ ಇವಳು ಮಾಡಿದರೆ ಅದು ಉಪಕಾರ ಕೂಡ ಅಲ್ಲ. ಎರಡು ಕಡ್ಡಿ, ಎರಡು ನಳಿಕೆ, ಹತ್ತು ಸುತ್ತು. ಮನೆಗೆ ಬರುವಾಗ ಗದ್ದೆಯ ಬದುವಿನ ಮೇಲೆ ಗಂಗಕ್ಕ ಬಾಯಿಗೆ ಸೆರಗು ಒತ್ತಿಕೊಂಡು ನಕ್ಕಿದ್ದಳು, ಗೋದಾವರಿಯೂ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದಳು.

ನಾಚಿಕೆಯಲ್ಲ ಅದು, ಕೈ ನಡುಗಿದ್ದು ನಾಚಿಕೆಗಲ್ಲ, ಗಂಗಕ್ಕನಿಗೆ ಆಗಲೇ ಬಿಳಿ ಹೋಗುತ್ತಿತ್ತು, ವಾಸನೆ ಬರುತ್ತಿತ್ತು, ಸೊಂಟ ಹಿಡಿದುಕೊಂಡು ಏಳುತ್ತಿದ್ದಳು, ಅವಳಿಗೆ ಹೆದರಿಕೆಯಿದ್ದದ್ದು ಕಡ್ಡಿಗಲ್ಲ, ಕಡ್ಡಿ ಏನು ಹೇಳುತ್ತದೋ ಎಂದು, ಅದಕ್ಕೇ ಗೋದಾವರಿಯ ಮೈಯನ್ನು ಮುಂದೆ ಮಾಡಿದಳು. ಎಂಥ ಹೆಂಗಸು. ಆಮೇಲೆ ರಕ್ತ ಕಂಡಾಗ, ಕೊಯ್ಲಿನ ಹೊತ್ತಿಗೆ, ತೋರಿಸೋಣ ನಡಿ ಅಕ್ಕಾ ಎಂದರೆ ಎಂತಕೆ ತೋರ್ಸೂದು, ರಿಪೋರ್ಟಿನಲ್ಲಿ ಏನೂ ಇಲ್ವಲ್ಲ ಎಂದಳು, ಕಣ್ಣು ಮಿಟುಕಿಸದೆ ಎಂದಳು, ಅಷ್ಟರಲ್ಲಿ ಅವಳು ತಾನೇ ಅದನ್ನು ನಂಬಿಬಿಟ್ಟಿದ್ದಳು. ಯಾರ ರಿಪೋರ್ಟೇ ಅದು, ಯಾರ ರಿಪೋರ್ಟು ಎಂದು ಆಗ ಜುಟ್ಟು ಹಿಡಿದು ಕೇಳಬೇಕಿತ್ತು, ಕೇಳಲಿಲ್ಲ, ಭತ್ತ ಒಳಗೆ ಬರಲಿ, ಆಮೇಲೆ ನೋಡುವ ಎಂದುಕೊಂಡಳು, ಆಮೇಲೆ, ಆಮೇಲೆ, ಥೂ ನನ್ನ ಬಾಯಿಗೆ. ಗೋವೆಗೆ ಹೋಗುವ ಬಸ್ಸು ಮಾಜಾಳಿಯ ಚೆಕ್‌ಪೋಸ್ಟಿನಲ್ಲಿ ನಿಂತಾಗ ಗಂಗಕ್ಕ ಅವಳ ಕೈ ಹಿಡಿದು, ಈ ವಿಷಯ ನಿನ್ನ ಭಾವಂಗೆ ಗೊತ್ತಾಗೂಕಾಗ, ರಕ್ಷಿತಾಳ ಆಣೆ ಎಂದಿದ್ದಳು. ಆ ಹುಡುಗಿಯ ತಲೆಯ ಮೇಲೆ ಆಣೆ ಹಾಕಿಸಿಕೊಂಡು ಆ ಹುಡುಗಿಗೇ ಬಾಗಿಲು ಮುಚ್ಚಿದ್ದಾಳೆ, ಗೋವೆಯಲ್ಲಿ ಗಡ್ಡೆಗೆ ಮೂವತ್ತು ಸಲ ಕರೆಂಟು ಕೊಡಿಸಿಕೊಂಡು ಬಂದು ಒಳಕೋಣೆಯಲ್ಲಿ ಗೋಡೆಗೆ ಮುಖ ಮಾಡಿ ಮಲಗಿದ್ದಾಳೆ, ಜಗುಲಿಯ ಮಾತು ಒಂದೊಂದೂ ಕೇಳುತ್ತಿದೆ ಅವಳಿಗೆ, ಕೇಳುತ್ತಲೇ ಇದೆ.

ಚಿಕ್ಕೀ, ಅಪ್ಪ ಸಹಿ ಹಾಕ್ಲಿಲ್ಲ, ನಾನು ಹೋಗೂದಾ — ರಕ್ಷಿತಾ, ಯೂನಿಫಾರ್ಮು, ಎರಡು ಜಡೆ, ಅಪ್ಪನ ಕಡೆ ನೋಡದೆ ಇವಳನ್ನು ಕೇಳುತ್ತಿದ್ದಾಳೆ, ಹೋದ ತಿಂಗಳು ಹದಿನಾಲ್ಕು ತುಂಬಿತು, ಫಾರ್ಮಿನ ತುದಿ ಎದ್ದಿತು, ಖಾಲಿ ಗೆರೆ. ಗೋದಾವರಿ ಎದ್ದಳು. ಕೈಯಿಂದ ಬೆಳಚಿನ ನೀರು ತೊಟ್ಟಿಕ್ಕುತ್ತಿದೆ, ಒರೆಸಿಕೊಳ್ಳಬೇಕು, ಒರೆಸಿಕೊಳ್ಳಲಿಲ್ಲ, ಮದುವೆಯಾಗಿ ಬಂದಂದಿನಿಂದ ಭಾವನ ಎದುರು ನಿಂತು ಮಾತಾಡಿದವಳಲ್ಲ, ಊಟಕ್ಕೆ ಕರೆಯುವುದಿದ್ದರೂ ಬಾಗಿಲ ಮರೆಯಿಂದ, ಆಣೆ, ರಕ್ಷಿತಾಳ ಆಣೆ, ಸುಟ್ಟುಹೋಗಲಿ ಆಣೆ. ಭಾವಾ, ಆ ರಿಪೋರ್ಟು ಅಕ್ಕಂದಲ್ಲ. ಅವ್ಳು ಕಡ್ಡಿ ಮುಟ್ಟಲೇ ಇಲ್ಲ. ಎರ್ಡೂ ನಾನೇ ಕೊಟ್ಟದ್ದು. ನೀಲಿ ಉಗುರು ಗಾಜಿನ ಮೇಲೆ ನಿಂತೇಬಿಟ್ಟಿತು, ಎಲ್ಲಿ ಒತ್ತುತ್ತೀ ಈಗ, ಒತ್ತು ನೋಡುವ. ಭಾವನ ಮುಖದಲ್ಲಿ ಸಿಟ್ಟು ಇನ್ನೂ ಬಂದಿರಲಿಲ್ಲ, ಅರ್ಥವಾಗುತ್ತಿತ್ತು, ನಿಜವಾಗಿ ಅರ್ಥವಾಗುತ್ತಿತ್ತು ಅವನಿಗೆ, ಇನ್ನೊಂದು ಗಳಿಗೆ ಸಿಕ್ಕಿದ್ದರೆ ಸಾಕಿತ್ತು — ಅಷ್ಟರಲ್ಲಿ ಒಳಬಾಗಿಲಲ್ಲಿ ಗಂಗಕ್ಕ. ಹದಿನೈದು ದಿನದಿಂದ ಎದ್ದು ನಿಂತವಳಲ್ಲ, ಚೌಕಟ್ಟು ಹಿಡಿದು ನಿಂತಿದ್ದಾಳೆ, ಸುಳ್ಳು ಎಂದಳು. ನಂದು ನಾನೇ ಕೊಟ್ಟದ್ದು, ಇವ್ಳಿಗೆ ತಲೆ ಕೆಟ್ಟಿದೆ.

ಭಾವ ಇಬ್ಬರನ್ನೂ ನೋಡಿದ, ಸಾಯುತ್ತಿರುವವಳನ್ನು ನಂಬಿದ, ಯಾರಾದರೂ ಅವಳನ್ನೇ ನಂಬುತ್ತಾರೆ, ಇದು ನಮ್ಮನೆ ಹೆಂಗ್ಸರ ಮಾತು, ಬರೀಬೇಡ ತಂಗಿ ಎಂದು ರಿಪೋರ್ಟನ್ನು ಅಂಗಿಯೊಳಗೆ ಸೇರಿಸಿ ಗದ್ದೆಯ ಕಡೆ ಇಳಿದುಹೋದ. ಗಂಗಕ್ಕ ಯಾಕೆ ಹಾಗೆಂದಳು ಎಂದು ಗೋದಾವರಿಗೆ ಗೊತ್ತು, ಕೈಯಾರೆ ಮಾಡಿಕೊಂಡದ್ದು ಎಂದು ಗಂಡನ ಕಣ್ಣಲ್ಲಿ ಕಾಣುವುದಕ್ಕಿಂತ ಡಾಕ್ಟರ ತಪ್ಪಿನಿಂದ ಸಾಯುವುದು ಅವಳಿಗೆ ಸಲೀಸು, ಗೊತ್ತು, ಗೊತ್ತಾದರೆ ಸಿಟ್ಟು ಇಳಿಯಬೇಕಂತೇನೂ ಇಲ್ಲ. ತಂಬಿಗೆ ಸರಿಸಿ ಫಾರ್ಮು ತೆಗೆದುಕೊಂಡಳು, ರಕ್ಷಿತಾಳ ಚೀಲದಿಂದ ಪೆನ್ನು ಹಿರಿದು ಒಳಕೋಣೆಗೆ ನಡೆದಳು, ಗಂಗಕ್ಕ ಮತ್ತೆ ಹಾಸಿಗೆಗೆ ಬಿದ್ದಿದ್ದಾಳೆ, ಏದುಸಿರು, ಔಷಧದ ವಾಸನೆ, ಎಲುಬಿನ ಮೇಲೆ ಸಡಿಲವಾದ ರವಿಕೆ. ನಾನು ಸುಳ್ಳಿ ಆಯ್ತು ಅಕ್ಕಾ, ಆಗ್ತೆ, ಊರೆಲ್ಲ ಹೇಳು, ಇದ್ರಲ್ಲಿ ತಾಯಿ ಸಹಿಯೂ ನಡೀತದೆ, ಹಾಕು. ಗಂಗಕ್ಕ ಕಾಗದ ನೋಡಿದಳು, ಬಾಗಿಲಲ್ಲಿ ನಿಂತ ಮಗಳನ್ನು ನೋಡಿದಳು, ತೀರ ಸಣ್ಣ ದನಿಯಲ್ಲಿ, ನೀನೇ ಹಾಕು ಗೋದಾ ಎಂದಳು, ಯಾವಾಗ್ಲೂ ನೀನೇ ಹಾಕೂದಲ್ವಾ, ಯಾರಿಗೆ ಗೊತ್ತಾಗ್ತದೆ.

ಹಾಕಬಹುದು, ಕೈಗೆ ಬಾಯಿಪಾಠ, ಗ, ಅದರ ಪಕ್ಕ ಸೊನ್ನೆ, ಗೂ ಕೊಂಬಿನ ಬಾಲ ಎಡಕ್ಕೆ ಸ್ವಲ್ಪ ಸೊಟ್ಟ, ಅರೆಗಳಿಗೆಯ ಕೆಲಸ, ಹುಡುಗಿ ಓಡಿಹೋಗಿ ಸೂಜಿ ಹಾಕಿಸಿಕೊಂಡು ಬರುತ್ತಾಳೆ, ಹತ್ತೂ ನಲವತ್ತು — ನಾಳೆ ಇವಳೇ ನಾನು ಹಾಕಿದ್ದಲ್ಲ ಎಂದರೆ, ಎನ್ನುತ್ತಾಳೆ, ಇವಳು ಎನ್ನುತ್ತಾಳೆ, ನಿನ್ನ ಕಡ್ಡಿ ನಾನು, ನಿನ್ನ ಹಾಜರಿ ನಾನು, ನಿನ್ನ ಮಗಳ ಜೀವಕ್ಕೂ ನಾನೇ ಬರೆಯಬೇಕಾ, ಒಂದು ಸಲ, ಒಂದೇ ಒಂದು ಸಲ ನಿನ್ನದು ನೀನು ಮಾಡೇ ಮುಂಡೇದೇ. ಗೋದಾವರಿ ಪೆನ್ನನ್ನು ಆ ತಣ್ಣನೆಯ ಬೆರಳುಗಳ ನಡುವೆ ತುರುಕಿದಳು, ಮುಷ್ಟಿ ಮುಚ್ಚಿದಳು, ಕಾಗದದ ಕೆಳಗೆ ತನ್ನ ಅಂಗೈ ಒಡ್ಡಿದಳು, ಹಾಕು. ಪೆನ್ನಿನ ತುದಿ ಕಾಗದ ಮುಟ್ಟಿತು, ಒಂದು ನೀಲಿ ಚುಕ್ಕೆ, ಅಷ್ಟೇ, ಕೈ ಮುಂದೆ ಹೋಗುತ್ತಿಲ್ಲ, ಹಾಕು ಅಕ್ಕಾ, ಚುಕ್ಕೆಯ ಮುಂದೆ ಖಾಲಿ ಗೆರೆ, ಹಾಕು, ಖಾಲಿ ಗೆರೆ, ಖಾಲಿ ಗೆರೆ —