ಅಂಜಲಿ ಎಂಬ ಮೀನು

ಮದುವೆಯ ಮಾತುಕತೆ ಮುಗಿದು ಎಲೆ ಅಡಿಕೆಯ ತಟ್ಟೆ ಕೈ ಬದಲಾಗುವ ಹೊತ್ತಿಗೆ ಮದುವೆ ಹುಡುಗಿ ಲಿಖಿತ ಒಳಗಿನಿಂದ ಬಂದು, ತನ್ನದೂ ಒಂದು ಮಾತಿದೆ ಎಂದಳು. ಉರಿಗಾಂನ ಆ ಪುಟ್ಟ ಹಜಾರದಲ್ಲಿ ಕೂತವರೆಲ್ಲ ತಲೆಯೆತ್ತಿದರು. ಗಂಡಿನ ತಂದೆ ಮುನಿಸ್ವಾಮಪ್ಪ ಕಾಫಿ ಲೋಟ ಕೆಳಗಿಟ್ಟರು.

"ನನ್ನ ಮೀನಿನ ತೊಟ್ಟಿನೂ ನನ್ ಜೊತೆ ಬರ್ಬೇಕು," ಎಂದಳು ಲಿಖಿತ.

ಕಿಟಕಿಯ ಪಕ್ಕದಲ್ಲಿದ್ದ ನಾಲ್ಕಡಿ ಉದ್ದದ ಗಾಜಿನ ತೊಟ್ಟಿಯ ಕಡೆಗೆ ಎಲ್ಲರೂ ತಿರುಗಿದರು. ಒಳಗೆ ರಂಧ್ರ ರಂಧ್ರದ ಕಲ್ಲುಗಳ ಗುಡ್ಡೆ. ಅದರ ಸಂದಿಯಿಂದ ಬೆರಳುದ್ದದ ಮೀನೊಂದು ಹೊರಗೆ ಬಂದು, ಬಂದವರನ್ನೆಲ್ಲ ನೋಡಿತು. ತಲೆ, ಬೆನ್ನು, ಬಾಲ ಕಡುನೀಲಿ. ಪಕ್ಕೆಗಳು ಕೆಂಡದ ಬಣ್ಣ, ಅದರ ಮೇಲೆ ಸೂಜಿಯಲ್ಲಿ ಎಳೆದಂಥ ನೇರಳೆ ಗೀರುಗಳು.

"ಇದ್ಯಾವ್ ಮೀನಮ್ಮ?" ಗಂಡಿನ ತಾಯಿ ವೆಂಕಟರತ್ನಮ್ಮ ಎದ್ದು ಹತ್ತಿರ ಹೋದರು.

"ಡ್ವಾರ್ಫ್ ಏಂಜಲ್ ಅಂತ. ಸಮುದ್ರದ್ದು."

"ಎಂಜಲಾ? ಇಷ್ಟ್ ಚೆನ್ನಾಗಿರೋ ಮೀನಿಗೆ ಎಂಜಲು ಅಂತ ಎಸ್ರಿಕ್ಕವ್ರಾ?"

ಹಜಾರವೆಲ್ಲ ನಕ್ಕಿತು. ಲಿಖಿತಳೂ ನಕ್ಕು, ಅದು ಎಂಜಲಲ್ಲ, ಏಂಜಲ್, ದೇವದೂತೆ ಎಂದು ಅರ್ಥ ಎಂದು ಬಿಡಿಸಿ ಹೇಳಿದಳು. "ಅದೆಲ್ಲ ನನ್ ಬಾಯಾಗೆ ಬರಾಕಿಲ್ಲ. ಅಂಜಲಿ ಅಂತೀನಿ ಬಿಡು," ಎಂದರು ವೆಂಕಟರತ್ನಮ್ಮ. ಮದುವೆ ಹುಡುಗ ಮುನೇಶ್ ತಲೆ ತಗ್ಗಿಸಿಕೊಂಡೇ ನಗುತ್ತಿದ್ದ. ಅಲ್ಲಿಗೆ ಆ ಮಾತೂ ಮುಗಿಯಿತು.

ಸೊಸೆಯ ಮಂಚ, ಬೀರುಗಳ ಜೊತೆ ತೊಟ್ಟಿಯೂ ಟೆಂಪೋದಲ್ಲಿ ಬಂಗಾರಪೇಟೆ ಪಕ್ಕದ ಹಳ್ಳಿಗೆ ಬಂತು. ಜೋಡಿಸಿಕೊಡಲು ಸೆಲ್ವರಾಜ್ ಜೊತೆಗೆ ಬಂದರು. ಅವರು ಉರಿಗಾಂನಲ್ಲಿ ಲಿಖಿತಳ ಪಕ್ಕದ ಮನೆಯವರು. ಚೆನ್ನೈಯಲ್ಲಿ ಅಲಂಕಾರದ ಮೀನು ಮಾರುವವರ ಗೋದಾಮಿನಲ್ಲಿ ಬಹಳ ಕಾಲ ದುಡಿದು, ಊರಿಗೆ ಮರಳಿ ಮೋಟರ್ ರಿಪೇರಿ ಮಾಡಿಕೊಂಡಿದ್ದರು. ಲಿಖಿತ ಹೈಸ್ಕೂಲಿನಲ್ಲಿದ್ದಾಗಿನಿಂದಲೂ ಅವರ ತೊಟ್ಟಿಯ ಮುಂದೆ ಕೂತು ಬೆಳೆದವಳು. ನೀರಿಗೆ ಉಪ್ಪು ಕಲಸುವುದು, ಅದರ ಹದ ನೋಡುವುದು, ಮೀನಿನ ಮೈಮೇಲೆ ಬಿಳಿ ಚುಕ್ಕೆ ಕಂಡರೆ ಏನು ಮಾಡಬೇಕು ಎನ್ನುವುದು, ಎಲ್ಲ ಅವರಿಂದಲೇ ಕಲಿತದ್ದು. ಈ ಮೀನೂ ಅವರೇ ಕೊಟ್ಟದ್ದು.

ಹೊಸ ಮನೆಯಲ್ಲಿ ಮೊದಲ ತಿಂಗಳುಗಳು ಚೆನ್ನಾಗಿಯೇ ಹೋದವು. ಮುನೇಶ್ ಮುಂಜಾನೆಯ ರೈಲಿಗೆ ಬೆಂಗಳೂರಿಗೆ ಹೋಗಿ ಕತ್ತಲಾದ ಮೇಲೆ ಬರುತ್ತಿದ್ದ. ಮಾವ ಹಸುಗಳ ಹಾಲು ಕರೆದು ಡೈರಿಗೆ ಹಾಕಿ ಬರುತ್ತಿದ್ದರು. ಲಿಖಿತ ಬಂಗಾರಪೇಟೆಯ ಔಷಧಿ ಅಂಗಡಿಯೊಂದರಲ್ಲಿ ಕೆಲಸಕ್ಕೆ ಸೇರಿ, ಮಧ್ಯಾಹ್ನ ಇಳಿಯುತ್ತಿದ್ದಂತೆ ಮನೆಗೆ ಮರಳುತ್ತಿದ್ದಳು. ಬೋರ್‌ವೆಲ್ಲಿನ ಗಡಸು ನೀರು ಸಮುದ್ರದ ಮೀನಿಗೆ ಆಗದು. ಊರಿನ ಶುದ್ಧ ನೀರಿನ ಘಟಕದಿಂದ ಮುನೇಶ್ ಕ್ಯಾನುಗಳಲ್ಲಿ ನೀರು ತಂದುಕೊಡುತ್ತಿದ್ದ. ಅದಕ್ಕೆ ಪ್ಯಾಕೆಟ್ಟಿನ ಸಮುದ್ರದುಪ್ಪು ಕಲಸಿ, ವಾರಕ್ಕೊಮ್ಮೆ ತೊಟ್ಟಿಯ ಹಳೆಯ ನೀರು ಸ್ವಲ್ಪ ತೆಗೆದು ಹೊಸದು ತುಂಬಬೇಕು.

ಎಡವಟ್ಟಾಗಿದ್ದು ಆ ಹಳೆಯ ನೀರಿನಿಂದ. ಉರಿಗಾಂನಲ್ಲಿ ಅದು ಬಚ್ಚಲಿನ ಮೂಲಕ ಮೋರಿ ಸೇರುತ್ತಿತ್ತು. ಇಲ್ಲಿ ಬಚ್ಚಲ ನೀರು ಎಲ್ಲಿಗೆ ಹರಿಯುತ್ತದೆ ಎಂದು ಲಿಖಿತ ಹೊರಗೆ ಹೋಗಿ ನೋಡಿರಲಿಲ್ಲ. ಅದು ಗೋಡೆಯ ಹಿಂದಿನ ಕಾಲುವೆಯಲ್ಲಿ ಇಳಿದು ನೇರವಾಗಿ ಅತ್ತೆಯ ಕನಕಾಂಬರದ ಪಾತಿಗೆ ಸೇರುತ್ತಿತ್ತು. ಮೊದಲು ಎಲೆಯಂಚು ಸುಟ್ಟಂತಾಯಿತು. ವೆಂಕಟರತ್ನಮ್ಮ ರೋಗವೆಂದುಕೊಂಡು ಬೂದಿ ಎರಚಿದರು. ಆಮೇಲೆ ಸಾಲುಸಾಲೇ ಒಣಗಿತು. ಒಂದು ಬೆಳಿಗ್ಗೆ ಅವರು ಪಾತಿಯ ಮಣ್ಣನ್ನು ಬೆರಳಲ್ಲಿ ತೆಗೆದು ನಾಲಗೆಗೆ ಮುಟ್ಟಿಸಿ ನೋಡಿ, ಹಾಗೆಯೇ ಒಳಗೆ ಬಂದರು.

"ಉಪ್ಪು," ಎಂದರು. "ನನ್ ಗಿಡಕ್ಕೆ ಉಪ್ಪಿಕ್ಕಿದ್ದೀಯಲ್ಲೇ ಅಮ್ಮಾಯಿ."

"ಅತ್ತೆ, ನಂಗ್ ಗೊತ್ತಾಗ್ಲಿಲ್ಲ. ನಿಜವಾಗ್ಲೂ..."

"ನಮ್ಮಮ್ಮನ ಮನೆಯಿಂದ ತಂದಿದ್ ತಳಿ ಅದು. ಇಪ್ಪತ್ತೈದ್ ವರ್ಷದಿಂದ ಒಂದ್ ದಿನ ಬರೀ ತಲೆಯಾಗಿದ್ದವಳಲ್ಲ ನಾನು." ಅವರ ದನಿ ಏರಲಿಲ್ಲ. ಅದರಿಂದಲೇ ಲಿಖಿತಳಿಗೆ ಹೆಚ್ಚು ಹೆದರಿಕೆಯಾಯಿತು. "ಇನ್ನೊಬ್ಬರ ಜೀವ ತೆಗೆದು ಸಾಕೋ ಮೀನು ನನ್ ಮನೇಲಿ ಬ್ಯಾಡ. ಎಲ್ಲಿಂದ ತಂದ್ಯೋ ಅಲ್ಲಿಗೇ ಕಳ್ಸು."

ಅಂದಿನಿಂದ ಅತ್ತೆ ಬೇಕಾದಷ್ಟೇ ಮಾತಾಡಿದರು. ಮುದ್ದೆ ಬಡಿಸುವರು, ಸಾರು ಬಡಿಸುವರು, ಹಜಾರದಲ್ಲಿ ತೊಟ್ಟಿಯ ಕಡೆ ತಿರುಗಿಯೂ ನೋಡದೆ ಹಾದುಹೋಗುವರು. ಮುನೇಶ್ ನಡುವೆ ಬಾಯಿ ಹಾಕಲು ಹೋಗಿ ಎರಡೂ ಕಡೆ ಬೈಸಿಕೊಂಡ. ಲಿಖಿತ ಯೋಚಿಸಿ ನೋಡಿದಳು. ತಪ್ಪು ತನ್ನದೇ. ಸೆಲ್ವರಾಜ್‌ಗೆ ಫೋನ್ ಮಾಡಿ, ಮೀನನ್ನು ವಾಪಸ್ ಇಟ್ಟುಕೊಳ್ಳುತ್ತೀರಾ ಎಂದು ಕೇಳಿದಳು.

"ಇಟ್ಕೊಳ್ತೀನಿಮ್ಮಾ, ಅದಕ್ಕೇನ್," ಎಂದರು ಅವರು. ಆಮೇಲೆ, "ನೀ ಅಳ್ತಾ ಇದೀಯಾ?" ಎಂದರು.

"ಇಲ್ಲ ಅಂಕಲ್."

"ಸರಿ ಸರಿ. ಭಾನುವಾರ ಬತ್ತೀನಿ."

ಅವಳು ಬ್ಯಾಟರಿಯಲ್ಲಿ ನಡೆಯುವ ಗಾಳಿಯ ಪಂಪು, ಪ್ಲಾಸ್ಟಿಕ್ ಚೀಲ, ಬಲೆ ಎಲ್ಲವನ್ನೂ ಒಂದು ಡಬ್ಬಿಗೆ ತುಂಬಿ ಬೀರುವಿನಲ್ಲಿಟ್ಟಳು. ಮೀನು ಎಂದಿನಂತೆ ದಿನವಿಡೀ ಕಲ್ಲಿನ ಪಾಚಿ ಮೇಯುತ್ತ ಓಡಾಡುತ್ತಿತ್ತು.

ಶುಕ್ರವಾರ ಬೆಳಿಗ್ಗೆ ಅವಳು ಕೆಲಸಕ್ಕೆ ಹೋದ ಮೇಲೆ ಊರ ಮುಂದಿನ ಟ್ರಾನ್ಸ್‌ಫಾರ್ಮರ್ ಸುಟ್ಟುಹೋಯಿತು. ಬಂಗಾರಪೇಟೆಯಲ್ಲಿ ಕರೆಂಟಿತ್ತು. ಅವಳಿಗೆ ಏನೂ ತಿಳಿಯಲಿಲ್ಲ. ಮಧ್ಯಾಹ್ನ ಬಸ್ಸಿಳಿದು ಊರೊಳಗೆ ಬರುವಾಗ ಕಂಬದ ಕೆಳಗೆ ಗಂಡಸರು ಗುಂಪು ಸೇರಿದ್ದನ್ನು ಕಂಡಳು. "ಒಂಬತ್ತು ಗಂಟೆಗೇ ಓಯ್ತಮ್ಮ. ಲೈನ್‌ಮನ್ ಬರ್ಬೇಕು," ಎಂದರು ಯಾರೋ. ಪಂಪು ನಿಂತರೆ ನೀರು ಅಲ್ಲಾಡುವುದಿಲ್ಲ, ನೀರು ಅಲ್ಲಾಡದಿದ್ದರೆ ಮೀನಿಗೆ ಉಸಿರಿಲ್ಲ. ಚಪ್ಪಲಿ ಕೈಗೆ ತೆಗೆದುಕೊಂಡು ಓಡಿದಳು. ಓಡುತ್ತಲೇ, ಸತ್ತ ಮೀನನ್ನು ಅತ್ತೆಯ ಕಣ್ಣಿಗೆ ಬೀಳದಂತೆ ಎತ್ತಿಬಿಡಬೇಕು ಎಂದುಕೊಂಡಳು.

ಬಾಗಿಲು ಪೂರ್ತಿ ತೆರೆದಿತ್ತು. ಹಜಾರದಲ್ಲಿ ಸ್ಟೂಲಿನ ಮೇಲೆ ವೆಂಕಟರತ್ನಮ್ಮ ಕೂತಿದ್ದರು. ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿತ್ತು, ರವಿಕೆಯ ತೋಳು ಒದ್ದೆ. ಕೈಯಲ್ಲಿ ಸ್ಟೀಲ್ ಚೊಂಬು. ತೊಟ್ಟಿಯಿಂದ ನೀರು ಮೊಗೆದು, ತಲೆಯ ಎತ್ತರಕ್ಕೆ ಎತ್ತಿ, ಸಣ್ಣ ಧಾರೆಯಾಗಿ ಮತ್ತೆ ತೊಟ್ಟಿಗೇ ಸುರಿಯುತ್ತಿದ್ದರು. ಧಾರೆ ಬಿದ್ದಲ್ಲಿ ಗುಳ್ಳೆಗಳೆದ್ದು ಹರಡುತ್ತಿದ್ದವು. ಪಕ್ಕದ ಮನೆಯ ಪಾಪಕ್ಕ ನೆಲದ ಮೇಲೆ ಕಾಲು ಚಾಚಿ ಕೂತು, ತನ್ನ ಸರದಿ ಮುಗಿಸಿ, ಭುಜ ಒತ್ತಿಕೊಳ್ಳುತ್ತಿದ್ದಳು.

ಗುಳ್ಳೆಗಳ ಕೆಳಗೆ ಮೀನು ಇತ್ತು. ಕಿವಿರು ಬೇಗಬೇಗ ಬಡಿಯುತ್ತಿತ್ತು, ಆದರೆ ಕಣ್ಣು ಹೊಳೆಯುತ್ತಿತ್ತು.

"ಬಂದ್ಯಾ," ಎಂದರು ವೆಂಕಟರತ್ನಮ್ಮ, ಕೈ ನಿಲ್ಲಿಸದೆ. "ಫೋನ್ ಮಾಡಾನ ಅಂದ್ರೆ ಚಾರ್ಜಿಲ್ದೆ ನಂದೂ ಸತ್ತೋಗೈತೆ, ಪಾಪಕ್ಕಂದೂ ಸತ್ತೋಗೈತೆ. ನೀ ಅವತ್ತು ಏಳಿದ್ಯಲ್ಲ, ನೀರು ಆಡ್ತಾ ಇರ್ಬೇಕು ಅಂತ. ನಿಂತ್ ನೀರಾಗೆ ಮ್ಯಾಲಕ್ ಬಂದು ಬಾಯ್ ಬಾಯ್ ಬಿಡ್ತಿತ್ತು. ನಿಮ್ಮಾವನೂ ಇಷ್ಟೊತ್ತು ನೀರು ಉಯ್ದು ಈಗ ಅಸುಗೆ ಉಲ್ಲು ಆಕಾಕ್ ಓದ್ರು."

ಲಿಖಿತ ಬಾಗಿಲಲ್ಲೇ ನಿಂತುಬಿಟ್ಟಿದ್ದಳು. "ಅತ್ತೆ... ನೀವೇ ಬೇಡ ಅಂದಿದ್ರಿ."

"ಬ್ಯಾಡ ಅಂದಿದ್ದು ಕಳ್ಸು ಅಂತ. ಸಾಯ್ಲಿ ಅಂದ್ನಾ?" ಚೊಂಬು ಮತ್ತೆ ಮುಳುಗಿ ಎದ್ದಿತು. "ನಂಗ್ ಸಿಟ್ಟಿದ್ದಿದ್ದು ನಿನ್ ಮ್ಯಾಲೆ. ಇದೇನ್ ಮಾಡ್ತು ಪಾಪ. ಕಣ್ಮುಂದೆ ಒಂದ್ ಜೀವ ಉಸಿರು ಕಟ್ಕೊಳಾದ ನೋಡ್ಕೊಂಡ್ ಕೂತ್ಕಳಾಕಾಗ್ತದಾ? ಏನ್ ನಿಂತ್ಕೊಂಡಿದ್ದೀಯೇ, ಬಾ, ಇಡ್ಕ ಇದ್ನ."

ಲಿಖಿತ ಬೀರು ತೆಗೆದು ಬ್ಯಾಟರಿ ಪಂಪು ತಂದು ನೀರಿಗಿಳಿಸಿದಳು. ಅದು ಗುರ್ ಎನ್ನುತ್ತ ಗುಳ್ಳೆ ಉಗುಳತೊಡಗಿದ್ದನ್ನು ಅತ್ತೆ ಅರೆಕ್ಷಣ ನೋಡಿದರು. "ಇದು ಬೀರುವಾಗೇ ಇತ್ತಾ?" ಎಂದರು. "ನಮ್ ಕೈಯೆಲ್ಲ ಬಿದ್ದೋಗಂಗಾಯ್ತಲ್ಲೇ!" ಪಾಪಕ್ಕ ಮೊದಲು ನಕ್ಕಳು. ಆಮೇಲೆ ಮೂವರೂ ನಕ್ಕರು. ನಗುತ್ತಲೇ ಲಿಖಿತಳಿಗೆ ಅಳು ಬಂತು. ವೆಂಕಟರತ್ನಮ್ಮ ಒದ್ದೆ ಕೈಯಲ್ಲೇ ಅವಳ ತಲೆ ಸವರಿದರು. ಕೂದಲಿಗೆಲ್ಲ ಉಪ್ಪುನೀರಾಯಿತು.

ಸಂಜೆ ಹಾಲು ಕರೆಯುವ ಹೊತ್ತಿಗೆ ಕರೆಂಟ್ ಬಂತು. ಲಿಖಿತ ಸೆಲ್ವರಾಜ್‌ಗೆ ಫೋನ್ ಮಾಡಿ, ಭಾನುವಾರ ಮೀನು ಒಯ್ಯಲು ಬರುವುದು ಬೇಡ, ಊಟಕ್ಕೆ ಬನ್ನಿ ಎಂದಳು.

ಉಪ್ಪುನೀರಿನ ಸಮಸ್ಯೆ ಹಾಗೇ ಉಳಿದಿತ್ತು. ಮಾವ ಅದಕ್ಕೊಂದು ಜಾಗ ತೋರಿಸಿದರು. ಹಿತ್ತಿಲಾಚೆ, ಹುಲ್ಲೂ ಬೆಳೆಯದ ಒಂದು ಹಾಸುಬಂಡೆ. ವಾರಕ್ಕೊಮ್ಮೆ ತೆಗೆದ ನೀರನ್ನು ಲಿಖಿತ ಅದರ ಮೇಲಿನ ಗುಣಿಯಲ್ಲಿ ಸುರಿದು ಬರುತ್ತಾಳೆ. ಬಿಸಿಲಿಗೆ ನೀರು ಆರಿ ಬಿಳಿ ಪದರ ಉಳಿಯುತ್ತದೆ. ಪಾಪಕ್ಕನ ಮೇಕೆಗಳು ಅದನ್ನು ನೆಕ್ಕಲು ಎಲ್ಲಿದ್ದರೂ ಓಡಿಬರುತ್ತವೆ. ಸತ್ತ ಪಾತಿಯ ಮಣ್ಣನ್ನು ಮುನೇಶ್ ಭಾನುವಾರವಿಡೀ ಅಗೆದು ತೆಗೆದು, ಹೊಲದ ಕೆಮ್ಮಣ್ಣು, ಗೊಬ್ಬರ ತುಂಬಿದ. ಅತ್ತೆ ತಮ್ಮ ತವರಿಗೆ ಹೋಗಿ ಅದೇ ತಳಿಯ ಬೀಜ ತಂದರು. ಬಿತ್ತುವಾಗ ಲಿಖಿತಳನ್ನೂ ಪಕ್ಕದಲ್ಲಿ ಕೂರಿಸಿಕೊಂಡರು.

ಅತ್ತೆ ಈಗ ತರಕಾರಿ ಹೆಚ್ಚುವುದೂ ತೊಟ್ಟಿಯ ಮುಂದೆಯೇ ಆಯಿತು. ಒಂದು ದಿನ ಅವರು, "ಒಂದೇ ಐತಲ್ಲೇ. ಬ್ಯಾಸ್ರ ಆಗಾಕಿಲ್ವಾ ಅದ್ಕೆ?" ಎಂದು ಕೇಳಿದರು.

"ಇನ್ನೊಂದು ತರ್ಬೋದು ಅತ್ತೆ. ಇದಕ್ಕಿಂತ ಚಿಕ್ಕದು. ಮೊದ್ಲು ಜಗಳ ಆಡ್ತವೆ, ಆಮೇಲೆ ಜೋಡಿ ಆಗ್ತವೆ."

"ಇದು ಎಣ್ಣಾ ಗಂಡಾ?"

"ಈ ಜಾತೀಲಿ ಎಲ್ಲಾ ಮೊದ್ಲು ಹೆಣ್ಣೇ. ಎರಡು ಒಟ್ಟಿಗೆ ಇದ್ರೆ ದೊಡ್ಡದು ಗಂಡಾಗುತ್ತೆ."

ವೆಂಕಟರತ್ನಮ್ಮನ ಈಳಿಗೆ ನಿಂತಿತು. ಜಗಲಿಯಲ್ಲಿದ್ದ ಮುನಿಸ್ವಾಮಪ್ಪ ಒಳಗೆ ಇಣುಕಿ, "ಏನಂದ್ಯಮ್ಮಾ?" ಎಂದರು. ಲಿಖಿತ ಮತ್ತೊಮ್ಮೆ ಹೇಳಿದಳು.

"ಅಯ್ಯೋ ರಾಮ. ಅಂಗಾದ್ರೆ ನಮ್ ಅಂಜಲಿ?" ಎಂದರು ಅತ್ತೆ.

"ಅಂಜಲಿ ಓಗಿ ಆಂಜಪ್ಪ ಆಯ್ತಾನೆ, ಇನ್ನೇನು," ಎಂದರು ಮಾವ. ಅವರ ಹೆಂಡತಿ ಹುರುಳಿಕಾಯಿಯೊಂದನ್ನು ಅವರ ಮೇಲೆಸೆದರು.

ಚಳಿಗಾಲ ಕಳೆಯುವಾಗ ಸೆಲ್ವರಾಜ್ ಹೊಸ ಮೀನನ್ನು ತಂದರು. ತಮ್ಮ ಮನೆಯಲ್ಲಿ ಬೇರೆಯಾಗಿಟ್ಟು, ರೋಗವಿಲ್ಲ ಎಂದು ಖಾತ್ರಿ ಮಾಡಿಕೊಂಡು, ಉರಿಗಾಂ ಸ್ಟೇಷನ್ನಿನಿಂದ ರೈಲಿನಲ್ಲಿ ಬಕೆಟ್ ತೊಡೆಯ ಮೇಲಿಟ್ಟುಕೊಂಡು ಬಂದಿದ್ದರು. ಕಾದ ಮೊಳೆಯಿಂದ ತೂತು ಕೊರೆದ ಪ್ಲಾಸ್ಟಿಕ್ ಡಬ್ಬಿಯಲ್ಲಿ ಅದನ್ನು ಬಿಟ್ಟು, ಡಬ್ಬಿಯನ್ನೇ ತೊಟ್ಟಿಯೊಳಗೆ ಇಳಿಸಿದರು. ಅಂಜಲಿ ರೆಕ್ಕೆಗಳನ್ನೆಲ್ಲ ನಿಮಿರಿಸಿ ಡಬ್ಬಿಗೆ ನುಗ್ಗಿ ನುಗ್ಗಿ ಬಿತ್ತು.

"ಸಾಯ್ಸಿಬಿಡ್ತದೆ ಕಣ್ರೀ!" ಎಂದು ವೆಂಕಟರತ್ನಮ್ಮ ಕೂಗಿದರು.

"ಇಲ್ಲಮ್ಮಾ. ಅದಕ್ಕೇ ಡಬ್ಬಿ. ಕೊಂಜಂ ದಿನ ಮುಖ ನೋಡ್ಕೊಂಡಿರ್ಲಿ," ಎಂದರು ಸೆಲ್ವರಾಜ್.

ಮುಖ ನೋಡಿ ನೋಡಿ ಅಂಜಲಿಯ ರೋಷ ಇಳಿಯಿತು. ಡಬ್ಬಿ ತೆಗೆಯುವ ಬೆಳಿಗ್ಗೆ ಲಿಖಿತ ಕಲ್ಲುಗಳನ್ನೆಲ್ಲ ಬೇರೆ ರೀತಿ ಜೋಡಿಸಿದಳು, ಯಾವ ಸಂದಿ ಯಾರದೆಂದು ಇಬ್ಬರಿಗೂ ತಿಳಿಯದ ಹಾಗೆ. ಆದರೂ ಅಟ್ಟಾಟ ನಡೆಯಿತು. ಹೊಸದರ ಬಾಲ ಹರಿಯಿತು. ಲಿಖಿತ ಕೆಲಸದಲ್ಲಿದ್ದಾಗ ಅತ್ತೆಯ ಫೋನ್ ಬರುತ್ತಿತ್ತು: "ಮೂಲೇಲೇ ಕೂತೈತೆ ಕಣೇ." "ಇವತ್ತು ಒಂಚೂರು ಈಚೆಗ್ ಬಂದಿತ್ತು." ಆಮೇಲೊಂದು ದಿನ: "ಒಂದೇ ಕಲ್ಲಾಗೆ ಎರಡೂ ಮೇಯ್ತಾ ಅವೆ. ಅದ್ನೇ ಏಳಾನ ಅಂತ ಮಾಡ್ದೆ. ಇಡ್ತೀನಿ."

ಮೊದಲ ಮಳೆ ಬಿದ್ದ ವಾರ, ತೊಟ್ಟಿಯ ದೀಪ ಮಂದವಾಗುವ ಮುಸ್ಸಂಜೆಯಲ್ಲಿ, ವೆಂಕಟರತ್ನಮ್ಮ ಇಡೀ ಮನೆಯನ್ನು ಕೂಗಿ ಕರೆದರು. ರಜೆಯಲ್ಲಿದ್ದ ಮುನೇಶ್ ಓಡಿಬಂದ. ಮಾವ ಹಾಲಿನ ಕ್ಯಾನ್ ಹಿಡಿದೇ ಬಂದರು. ದೊಡ್ಡ ಮೀನು ಚಿಕ್ಕದರ ಸುತ್ತ ಸುತ್ತುತ್ತಿತ್ತು. ಅದರ ಬೆನ್ನಿನ ರೆಕ್ಕೆಯಂಚು ಎಂದೂ ಕಾಣದಷ್ಟು ನೀಲಿಯಾಗಿತ್ತು. ಸುತ್ತಿ, ಚಿಕ್ಕದರ ಹೊಟ್ಟೆಗೆ ಮೂತಿ ತಾಗಿಸಿತು. ಎರಡೂ ಒಟ್ಟಿಗೆ ಕಲ್ಲಿನಿಂದ ಮೇಲಕ್ಕೇರಿದವು. ಒಂದು ಕ್ಷಣ ನೀರಲ್ಲಿ ಸಣ್ಣ ಮಬ್ಬು ಕವಿದು ಚದುರಿತು. ಎರಡೂ ಸರ್ರನೆ ಕೆಳಗಿಳಿದು ಕಲ್ಲಿನ ಸಂದಿ ಸೇರಿದವು.

"ಮೊಟ್ಟೆ," ಎಂದಳು ಲಿಖಿತ. ಅವಳ ದನಿ ಪಿಸುಗುಟ್ಟುತ್ತಿತ್ತು. "ಅತ್ತೆ, ಅದು ಮೊಟ್ಟೆ."

ಅವಳು ಪಂಪು ನಿಲ್ಲಿಸಿ, ಮೇಲೆ ತೇಲುತ್ತಿದ್ದ ಕಣಗಳನ್ನು ಬಟ್ಟಲಲ್ಲಿ ಮೊಗೆದು, ಮುನೇಶ್ ತಂದಿತ್ತ ಬಕೆಟ್ಟಿನ ಉಪ್ಪುನೀರಿಗೆ ಬಿಟ್ಟಳು. ಇವನ್ನು ಮನೆಯಲ್ಲಿ ಬೆಳೆಸುವುದು ಬಹಳ ಕಷ್ಟ, ಕಣ್ಣಿಗೆ ಕಾಣದಷ್ಟು ಸಣ್ಣ ಜೀವಗಳನ್ನು ಆಹಾರವಾಗಿ ಬೆಳೆಸಿಕೊಡಬೇಕು ಎಂದು ಸೆಲ್ವರಾಜ್ ಮೊದಲೇ ಎಚ್ಚರಿಸಿದ್ದರು. ಮರುದಿನ ಸಂಜೆ ಟಾರ್ಚ್ ಹಿಡಿದು ನೋಡಿದಾಗ ಕೂದಲೆಳೆಯ ತುಣುಕಿನಂಥವು ಕೆಲವು ಮಿಸುಕಾಡುತ್ತಿದ್ದವು. ಮೂರನೆಯ ದಿನಕ್ಕೆ ಒಂದೂ ಇರಲಿಲ್ಲ.

ಲಿಖಿತ ಬಕೆಟ್ಟಿನ ಮುಂದೆ ಕುಕ್ಕರುಗಾಲಲ್ಲಿ ಕೂತಿದ್ದಳು. ಅತ್ತೆ ಬಂದು ಪಕ್ಕದಲ್ಲಿ ನಿಂತರು.

"ಮತ್ತೆ ಯಾವಾಗ ಇಡ್ತಾವೆ?"

"ಚೆನ್ನಾಗ್ ತಿಂದ್ಕೊಂಡಿದ್ರೆ ದಿನಾ ಇಡ್ತವೆ, ಅತ್ತೆ."

"ದಿನಾನಾ?" ವೆಂಕಟರತ್ನಮ್ಮನ ಮುಖ ಅರಳಿತು. "ಮತ್ಯಾಕೆ ಇಂಗ್ ಕೂತಿದ್ದೀಯ? ಅವಕ್ಕೆ ತಿನ್ನಾಕ್ ಏನ್ ಬೆಳೀಬೇಕು, ಎಂಗ್ ಬೆಳೀಬೇಕು, ನಿಮ್ ಸೆಲ್ವರಾಜಣ್ಣನ್ನ ಕೇಳು. ನೀ ಕೆಲ್ಸಕ್ ಓದಾಗ ನಾನ್ ನೋಡ್ಕೊಂತೀನಿ."

ಲಿಖಿತ ಎದ್ದು ಕೈ ಒರೆಸಿಕೊಂಡು ಫೋನ್ ಹುಡುಕಿದಳು. ವೆಂಕಟರತ್ನಮ್ಮ ಬಕೆಟ್ಟನ್ನು ಎತ್ತಿಕೊಂಡು ತೊಳೆಯಲು ಹೊರಗೆ ಹೋದರು.