ಅಪ್ಪ ಬಡಿದ ಬೆಣೆ

ಅಲುಗಾಡುವ ಕುರ್ಚಿ ಕಂಡರೆ ಮುದುಕ ಬಡಗಿಗೆ ಮೈಯೆಲ್ಲ ಉರಿಯುತ್ತಿತ್ತು. ನಲವತ್ತು ವರ್ಷ ಅವನು ಮಾಡಿದ ಮಂಚ, ಮೇಜು ಒಂದೂ ಮಿಸುಕಿದ್ದಿಲ್ಲ. ಮಗಳು ಮೂರು ತಿಂಗಳು ಕೂತು ಮಾಡಿದ ಮರದ ಹಕ್ಕಿಯ ರೆಕ್ಕೆಗಳು ಸಡಿಲವಾಗಿದ್ದುದನ್ನು ನೋಡಿ ತಡೆಯಲಾಗದೆ, ಅವಳು ಊಟಕ್ಕೆ ಹೋದಾಗ ಸಂದಿಗೊಂದು ಬೆಣೆ ಬಡಿದೇಬಿಟ್ಟ.

ಮಗಳು ಬಂದು ಹಕ್ಕಿಯ ಬುಡದಲ್ಲಿದ್ದ ಹಿಡಿ ತಿರುಗಿಸಿದಳು. ಹಕ್ಕಿ ಕದಲಲಿಲ್ಲ. ಬಗ್ಗಿ ನೋಡಿ ಸೊಂಟದ ಮೇಲೆ ಕೈಯಿಟ್ಟಳು.

"ಅಪ್ಪಾ, ಇದು ನಿನ್ನ ಕೆಲಸ ತಾನೆ?"

"ಲೊಡಲೊಡ ಅಂತಿತ್ತಲ್ಲೇ! ನಮ್ಮನೆ ಮರ್ಯಾದೆ ಏನಾಗ್ಬೇಕು?"

ಅವಳು ನಗುತ್ತ ಬೆಣೆ ಕಿತ್ತು, ಹಿಡಿಯನ್ನು ಅಪ್ಪನ ಕೈಗೇ ಕೊಟ್ಟಳು. "ಮೆಲ್ಲಗೆ ತಿರುಗ್ಸು."

ಒಂದು ಹಲ್ಲುಗಾಲಿ ಇನ್ನೊಂದನ್ನು ತಳ್ಳಿತು. ತೆಳು ಪಟ್ಟಿಗಳು ಒಂದರ ಹಿಂದೊಂದು ಎದ್ದವು. ರೆಕ್ಕೆ ಬುಡದಿಂದ ತುದಿಯವರೆಗೆ ಅಲೆಯಂತೆ ಮೇಲೇರಿ, ಅರೆಗಳಿಗೆ ತಡೆದು, ಇಳಿಯಿತು. ಕಟಕಟ ಸದ್ದೊಂದನ್ನು ಬಿಟ್ಟರೆ ಅದು ಮರವೆಂದು ಹೇಳುವಂತಿರಲಿಲ್ಲ. ಮುದುಕನ ಬಿಟ್ಟ ಬಾಯಿ ಬಿಟ್ಟಂತೆಯೇ ಇತ್ತು. ಕೈ ಮಾತ್ರ ನಿಲ್ಲಲಿಲ್ಲ.

"ಸಾಕು ಬಿಡಪ್ಪಾ, ಕೈ ನೋಯುತ್ತೆ."

"ಇರೇ," ಅಂದ. "ಇಷ್ಟು ವರ್ಷ ಎಷ್ಟು ಹಕ್ಕಿಗಳಿಗೆ ಬೆಣೆ ಬಡಿದು ಮಂಚ ಮಾಡ್ಬಿಟ್ನೋ!"