ಒಣಗಾಯಿ ತೆಪ್ಪ

ನಾಲ್ಕನೇ ದಿನ ಬೆಳಿಗ್ಗೆ ತೆಪ್ಪದ ಮೇಲೆ ಕೂತಿದ್ದ ಹೊಂಬಾಳಮ್ಮನ ಸೀರೆ ನೆನೆಯಿತು. ಮಳೆಯ ಹನಿಯಿಲ್ಲ, ಗಾಳಿಯಿಲ್ಲ. ನಾಲೆಯ ನೀರೇ ಬಿದಿರ ಸಂದಿಯಿಂದ ಮೇಲೆ ಬಂದಿತ್ತು.

"ರೀ, ತೆಪ್ಪ ಮುಳುಗ್ತಾ ಐತೆ," ಅಂದಳು.

ತೆಪ್ಪ ನೂಕುವ ಬಿದಿರ ಗಳು ಹಿಡಿದಿದ್ದ ಗಂಡ ಹನುಮಂತಯ್ಯ ಮರದ ಹಾಗೆ ನಿಂತುಬಿಟ್ಟ. ಇಲಾಖೆಯ ನೌಕರಿಯಲ್ಲಿ ನಾಲೆಯ ತೂಬು ಎತ್ತಿ ಇಳಿಸಿಯೇ ತಲೆ ನೆರೆಸಿಕೊಂಡು ನಿವೃತ್ತನಾದ ಮನುಷ್ಯ. ಆದರೆ ಈಜು ಬರದು. ಮೊಳಕಾಲುದ್ದ ನೀರಿಗಿಳಿದರೂ ಜೀವ ಕೈಯಲ್ಲಿ ಹಿಡಿಯುವವನು. ಅಂಥವನು ತೆಪ್ಪ ಕಟ್ಟಿದ್ದೇ ಹೆಂಡತಿಯ ಸಲುವಾಗಿ.

ಹೊಂಬಾಳಮ್ಮ ಹೇಮಾವತಿ ದಡದ ಅಂಬಿಗರ ಮಗಳು. ತಿಪಟೂರು ಸೀಮೆಗೆ ಮದುವೆ ಮಾಡಿ ಕಳಿಸುವಾಗ ಅವಳಪ್ಪ, "ನಿಮ್ಮೂರಿಗೆ ನೀರು ಬರ್ಲಿ ಕಣವ್ವ, ತೆಪ್ಪದಾಗೇ ಬಂದು ನೋಡ್ತೀನಿ," ಅಂದಿದ್ದ. ಹಟಮಾರಿ ಮುದುಕ. ನೀರೂ ಬರಲಿಲ್ಲ, ಅವನೂ ಬರಲಿಲ್ಲ. ಮಗಳ ಮನೆಯ ಹೊಸಿಲು ತುಳಿಯದೆಯೇ ಕಣ್ಣು ಮುಚ್ಚಿದ. ಆ ಸಂಕಟ ಅವಳ ಹೊಟ್ಟೆಯಲ್ಲಿ ಹಾಗೇ ಉಳಿದಿತ್ತು. ಈ ಸಲ ನಾಲೆ ನೀರು ಮೊದಲ ಬಾರಿಗೆ ಊರ ಕೆರೆಗೆ ಹರಿದಿದ್ದೇ ತಡ, ತವರಿನ ಅಟ್ಟದಲ್ಲಿದ್ದ ಅಪ್ಪನ ಹುಟ್ಟನ್ನು ಇಳಿಸಿ ನಾಲೆ ಶುರುವಾಗುವಲ್ಲಿಗೆ ತಂದಳು. ಅವನು ಜೀವಮಾನವೆಲ್ಲ ದೋಣಿ ನಡೆಸಿದ ಹುಟ್ಟು ಅದು. ನೀರಿನ ಮೇಲೆಯೇ ಅದನ್ನು ಮನೆಗೆ ಕರೆತರಬೇಕು ಅನ್ನುವುದು ಅವಳ ಆಸೆ. ಇವತ್ತು ಸಂಜೆ ಆರಕ್ಕೆ ಕೆರೆಗೆ ಹೋಗುವ ಕವಲಿನ ಬಾಗಿಲು ಇಳಿಸುತ್ತಾರೆ. ಅಷ್ಟರೊಳಗೆ ಸೇರದಿದ್ದರೆ ಬಸ್ಸೇ ಗತಿ.

ಅವಳು ಬಗ್ಗಿ ತೆಪ್ಪದಡಿಯ ಬಲೆಚೀಲ ಎಳೆದು ನೋಡಿದಳು. "ಏನು ತುಂಬಿದ್ದೀರಿ ಇದ್ರಾಗೆ?"

"ಒಣಗಾಯಿ ಕಣೇ. ನಮ್ ಕಡೆ ಹುಡುಗ್ರು ಈಜು ಕಲಿಯೋದೇ ಅದನ್ನ ಕಟ್ಕಂಡು."

"ಸಿಪ್ಪೆ ಸಮೇತ?"

ಹನುಮಂತಯ್ಯ ಗಳುವನ್ನು ಇನ್ನೊಂದು ಕೈಗೆ ಬದಲಿಸಿಕೊಂಡ.

"ಹುಡುಗ್ರು ಒಂದು ಗಂಟೆ ಈಜಿ ಎದ್ದೋಯ್ತಾರೆ. ನಾವು ನಾಕು ದಿನದಿಂದ ನೀರಾಗೇ ಇದೀವಿ. ನಾರು ನೆಂದ್ರೆ ಎಷ್ಟು ಭಾರ ಆಯ್ತದೆ ಅಂತ ತೆಂಗಿನ ಸೀಮೆಯೋರಿಗೆ ಹೊಳೆ ಕಡೆಯೋಳು ಹೇಳ್ಬೇಕಾ?"

"ತೆಂಗು ನಂಬಿ ಕೆಟ್ಟೋರಿಲ್ಲ ಅಂದ್ಕಂಡೆ," ಅಂದ ಹನುಮಂತಯ್ಯ ಸಣ್ಣ ದನಿಯಲ್ಲಿ. ಅವಳು ತವರಿಗೆ ಹೋಗಿದ್ದಾಗ ಊರಿನ ಕಾಯಿ ಒಯ್ದು ನಾಲೆ ದಡದಲ್ಲಿ ಗುಟ್ಟಾಗಿ ಕಟ್ಟಿದ್ದ ತೆಪ್ಪ ಅದು. "ಬುಡು, ಇಲ್ಲೇ ಇಳ್ದು ಬಸ್ ಹತ್ತಾನ."

"ನಮ್ಮಪ್ಪ ಬಸ್ ಹತ್ತೋನಾಗಿದ್ರೆ ಯಾವತ್ತೋ ಬತ್ತಿದ್ದ."

ದಡದ ಮೇಲೆ ಪರಿಚಯದ ಸಿದ್ದಕ್ಕನ ತೋಟ. ಹಸುವಿಗೆ ನೀರು ಕುಡಿಸುತ್ತಿದ್ದ ಸಿದ್ದಕ್ಕ ಇವರ ಅವತಾರ ನೋಡಿ, "ಈ ವಯಸ್ನಾಗೆ ನಿಮಗೆ ಜಲಕ್ರೀಡೆ ಬೇಕಿತ್ತಾ ಹನುಮಂತಣ್ಣ?" ಎಂದು ನಕ್ಕಳು. ಹುಟ್ಟಿನ ವಿಷಯ ಕೇಳಿದ ಮೇಲೆ ನಗಲಿಲ್ಲ. ಸೆರಗು ಸಿಕ್ಕಿಸಿ, ಕಾಯಿ ಸುಲಿಯುವ ಚಿಕ್ಕಹನುಮಯ್ಯನನ್ನು ಕೂಗಿದಳು. "ಸಿಪ್ಪೆ ತೆಗೀರಿ. ಚಿಪ್ಪು ನೀರು ಕುಡಿಯಲ್ಲ."

ಚಿಕ್ಕಹನುಮಯ್ಯ ನೆಲಕ್ಕೆ ಕಬ್ಬಿಣದ ಮೊನೆ ನೆಟ್ಟು ಸುಲಿಯತೊಡಗಿದ. ಒದ್ದೆ ಸಿಪ್ಪೆ ಒಂದೊಂದೂ ಮಗುವಿನ ಭಾರ. ಹೊಂಬಾಳಮ್ಮ ಪ್ರತಿ ಕಾಯನ್ನೂ ಕಿವಿಗೆ ಹಿಡಿದು ಅಲ್ಲಾಡಿಸಿದಳು. ಒಳಗೆ ನೀರು ಕುಲುಕಿದರೆ ಆಚೆ, ಒಣಗಿದ ಕೊಬ್ಬರಿ ಗಿಟುಕು ಲೊಟಲೊಟ ಎಂದರೆ ಬಲೆಗೆ. ಗಂಡನ ಮನೆಯ ಕೊಬ್ಬರಿ ಅಟ್ಟದಡಿ ನಲವತ್ತು ವರ್ಷ ಕಲಿತ ವಿದ್ಯೆ. ಅರ್ಧಕ್ಕರ್ಧ ಆಚೆ ಹೋದವು.

"ಕಣ್ಣು ಮುಚ್ಕಂಡು ತುಂಬಿದ್ರಾ?" ಅಂದಳು ಗಂಡನಿಗೆ. ಕಮ್ಮಿ ಬಿದ್ದದ್ದನ್ನು ಸಿದ್ದಕ್ಕ ತನ್ನ ಅಟ್ಟದಿಂದ ಇಳಿಸಿ ಕೊಟ್ಟಳು.

ಮತ್ತೆ ನೀರಿಗೆ ಬಿಟ್ಟಾಗ ತೆಪ್ಪ ಗೇಣುದ್ದ ಎದ್ದು ನಿಂತಿತು. ಆಗಲೇ ಸಂಜೆ ನಾಲ್ಕೂವರೆ. "ಗಳು ಕೆಳಗಿಡಿ," ಎಂದು ಹೊಂಬಾಳಮ್ಮ ಅಪ್ಪನ ಹುಟ್ಟನ್ನು ಕೈಗೆತ್ತಿಕೊಂಡಳು. ನಾಲ್ಕು ದಿನದಿಂದ ಬಟ್ಟೆ ಸುತ್ತಿ ಮಲಗಿಸಿದ್ದದ್ದು. ಅವಳು ಹಾಕಿದ ಮೊದಲ ಎಳೆತಕ್ಕೇ ಹನುಮಂತಯ್ಯ ಬೋರಲು ಮಲಗಿ ಬಿದಿರು ತಬ್ಬಿಕೊಂಡ. ತೋಳು ಸೋತು ಬಂದರೂ ಅವಳು ಕೈ ಬಿಡಲಿಲ್ಲ. ಎಷ್ಟೋ ವರ್ಷದ ಮೇಲೆ ಅವಳಿಗೆ ಮನಸಾರೆ ಖುಷಿಯಾಗಿತ್ತು.

ಕವಲಿನ ಹತ್ತಿರ ಬಂದಾಗ, ಹನುಮಂತಯ್ಯನ ಜಾಗಕ್ಕೆ ಬಂದಿದ್ದ ದುರ್ಗಯ್ಯ ಬಾಗಿಲು ಇಳಿಸುವ ಚಕ್ರದ ಮೇಲೆ ಕೈಯಿಟ್ಟು ನಿಂತಿದ್ದ.

"ಇನ್ನೆರಡು ನಿಮಿಷ ಐತೆ ಕಣಣ್ಣ. ಬೇಕಾದ್ರೆ ತಡೀತೀನಿ."

"ಬ್ಯಾಡ. ನಾನು ಯಾರಿಗೂ ತಡೆದೋನಲ್ಲ," ಅಂದ ಹನುಮಂತಯ್ಯ ತಲೆಯೆತ್ತದೆ. "ಎಳಿಯೇ ಹೊಂಬಾಳಿ."

ಎಳೆದಳು. ಬಾಗಿಲಿನಡಿ ಇಬ್ಬರೂ ತಲೆ ತಗ್ಗಿಸಿದರು. ಹಿಂದೆ ಕಬ್ಬಿಣ ಕಿರುಗುಟ್ಟುತ್ತಾ ಇಳಿಯಿತು. ಮುಂದೆ ಕೆರೆ ತೆರೆದುಕೊಂಡಿತು.

ದಡ ಸೇರಿ, ತೆಪ್ಪ ಕಟ್ಟಿ, ಹುಟ್ಟನ್ನು ಹೆಗಲಿಗೇರಿಸಿ ಅವಳು ಮನೆ ಕಡೆ ನಡೆದಳು. ಬಾಗಿಲು ತೆಗೆದು ಒಳಗೆ ಕಾಲಿಡುವಷ್ಟರಲ್ಲಿ ಗಂಡ, "ತಡಿ," ಅಂದ. ಒಳಗೋಡಿ ಚೊಂಬು ತುಂಬ ನೀರು ತಂದ. ಹುಟ್ಟನ್ನು ಅವಳ ಹೆಗಲಿನಿಂದ ಇಳಿಸಿ ಹೊಸಿಲ ಹೊರಗೆ ನಿಲ್ಲಿಸಿದ. ಬಗ್ಗಿ, ಅದರ ಬುಡಕ್ಕೆ ಮೆತ್ತಿದ್ದ ಕೆಸರನ್ನು ನಿಧಾನವಾಗಿ ತೊಳೆದ.

"ಬನ್ನಿ ಮಾವ," ಅಂದ, "ಒಳೀಕೆ ಬನ್ನಿ."